ಹೊಸ ಸೀರೆಯ ಘಳಿಗೆ

ವಿರೂಪಮ್ಮತ್ತೆಯ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಆಕೆಯ ಮೇಲಲ್ಲ. ನನ್ನ ಅವ್ವನ ಮೇಲೆ, ಅಜ್ಜಿಯ ಮೇಲೆ, ಮತ್ತು "ಕೊಟ್ಟುಬಿಡು, ಒಂದು ದಿನದ ಮಾತು" ಎಂದು ಹದಿನೇಳು ವರ್ಷ ಹೇಳುತ್ತಲೇ ಬಂದ ನನ್ನ ಸೋದರಮಾವನ ಮೇಲೆ. ಸ್ವಲ್ಪ ಹೊತ್ತಾದ ಮೇಲೆ ಆಕೆಯ ಮೇಲೂ ಬರುತ್ತದೆ. ಸಿರುಗುಪ್ಪದ ಪ್ರಾಥಮಿಕ ಶಾಲೆಯಲ್ಲಿ ಅರವತ್ತು ಮಕ್ಕಳನ್ನು ಕಣ್ಣಿನಲ್ಲೇ ಸುಮ್ಮನಾಗಿಸುತ್ತಿದ್ದ ಹೆಂಗಸು, ತನ್ನ ಸಂಬಳದಲ್ಲಿ ತಾನೇ ಕೊಂಡ ಸೀರೆಯನ್ನು ತಾನೇ ಮೊದಲು ಉಡುತ್ತೇನೆ ಎಂದು ಮನೆಯಲ್ಲಿ ಹೇಳಲಾರದೆ ಹೋದಳಲ್ಲ!

ನಮ್ಮ ಕಡೆ ಹೊಸ ಸೀರೆಯ ಘಳಿಗೆ, ಅಂದರೆ ಮಡಿಕೆ, ಮುರಿಯುವುದು ಎಂಬ ಪದ್ಧತಿ ಇದೆ. ಅಂಗಡಿಯಿಂದ ಮಡಿಕೆಯಾಗಿ ಬಂದ ಸೀರೆಯನ್ನು ಕೊಂಡವಳೇ ಮೊದಲು ಉಡುವುದಿಲ್ಲ. ಮನೆಯ ಮುತ್ತೈದೆಗೋ ಗೆಳತಿಗೋ ಕೊಟ್ಟು ಒಂದು ಸಲ ಉಡಿಸಿ, ಮಡಿಕೆ ಬಿಚ್ಚಿಸಿಕೊಂಡ ಮೇಲೆ ತಾನು ಉಡುವುದು. ಕೈಗುಣ ಚೆನ್ನಾಗಿರುವವರು ಘಳಿಗೆ ಮುರಿದರೆ ಆ ಮನೆಗೆ ಇನ್ನೂ ಹತ್ತು ಸೀರೆ ಬರುತ್ತವೆ ಎಂಬ ನಂಬಿಕೆ. ಎಷ್ಟೋ ಮನೆಗಳಲ್ಲಿ ಇದು ಪ್ರೀತಿಯ ವಿಷಯ. ಗೆಳತಿಯರು ಒಬ್ಬರ ಸೀರೆ ಒಬ್ಬರು ಉಟ್ಟು, ಕನ್ನಡಿಯ ಮುಂದೆ ನಿಂತು ನಗಾಡುತ್ತಾರೆ. ಬೇಡವಾದರೆ ಬಿಡುತ್ತಾರೆ. ನಮ್ಮ ಅಜ್ಜಿಯ ಮನೆಯಲ್ಲಿ ಅದು ಕಾಯ್ದೆಯಾಯಿತು, ಅದೂ ಒಬ್ಬಳಿಗೇ ಅನ್ವಯಿಸುವ ಕಾಯ್ದೆ.

ಅತ್ತೆಯ ತವರು ಬಳ್ಳಾರಿಯ ಸತ್ಯನಾರಾಯಣಪೇಟೆ. ಟೀಚರ್ ಟ್ರೈನಿಂಗ್ ಮಾಡುವಾಗ ದಿನವೂ ಬೆಂಗಳೂರು ರಸ್ತೆಯ ಬಟ್ಟೆ ಅಂಗಡಿಗಳ ಮುಂದೆ ನಡೆದು ಹೋಗುತ್ತಿದ್ದಳಂತೆ. ಗಾಜಿನ ಒಳಗೆ ನಿಲ್ಲಿಸಿದ ಗೊಂಬೆಗೆ ಯಾವ ವಾರ ಯಾವ ಸೀರೆ ಉಡಿಸಿದ್ದರು ಎಂದು ಮುಪ್ಪಿನಲ್ಲೂ ಹೇಳುತ್ತಿದ್ದಳು. ಆಕೆ ಕುಳ್ಳಿ, ಬಣ್ಣ ಎಣ್ಣೆಗಪ್ಪು, ಮೂಗು ಸ್ವಲ್ಪ ದಪ್ಪ. ಇದು ಯಾವುದೂ ಆಕೆಗೆ ಅಡ್ಡಿ ಅನ್ನಿಸಿರಲಿಲ್ಲ. ನಿರಿಗೆ ಹಿಡಿಯುವ ಕೈ ಆಕೆಯದು. ಎಂಥ ಜಾರುವ ಬಟ್ಟೆಯಾದರೂ ಆಕೆಯ ಮೈಮೇಲೆ ಬಂದರೆ ಹೇಳಿದ ಮಾತು ಕೇಳುತ್ತಿತ್ತು. ಆಕೆಗೆ ಬಂಗಾರದ ಆಸೆಯಿರಲಿಲ್ಲ, ಹೊಲ ಮನೆಯ ಆಸೆಯೂ ಇರಲಿಲ್ಲ. ಇದ್ದದ್ದು ಒಂದೇ: ಹೊಸ ನಮೂನೆ ಬಂದಾಗ ಅದನ್ನು ಎಲ್ಲರಿಗಿಂತ ಮೊದಲು ಉಟ್ಟು, ತಲೆ ಎತ್ತಿಕೊಂಡು ಊರಿನಲ್ಲಿ ನಡೆಯಬೇಕು.

"ಹೊಸಾದನ್ನ ಹೊಸಾದಿದ್ದಾಗ ಉಡಬೇಕು. ಊರ ಮಂದಿ ಎಲ್ಲಾ ಉಟ್ಟ ಮ್ಯಾಲ ಉಟ್ರ ಅದು ಸೀರಿ ಅಲ್ಲ, ಬರೇ ಅರಿವಿ" ಎನ್ನುತ್ತಿದ್ದಳು.

ಸಾವಿರದ ಒಂಬೈನೂರ ಅರವತ್ತೈದರಲ್ಲಿ ಮದುವೆಯಾಗಿ ಸಿರುಗುಪ್ಪಕ್ಕೆ ಬಂದಳು. ಮಾವ ಕೊಟ್ರಬಸಪ್ಪ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಮನೆಯಲ್ಲಿ ಅವನ ತಾಯಿ, ನನ್ನ ಅಜ್ಜಿ, ಶಿವಬಸಮ್ಮ. ಮರುವರ್ಷದ ಪಂಚಮಿಗೆ ಮುಂಚೆ ತವರಿಗೆ ಹೋಗಿ ಬರುವಾಗ ಅತ್ತೆ ಗುಲಾಬಿ ಬಣ್ಣದ ನೈಲಾನ್ ಸೀರೆ ತಂದಳು. ನೈಲಾನ್ ಎಂಬುದನ್ನು ಸಿರುಗುಪ್ಪದ ಓಣಿ ಅಲ್ಲಿಯವರೆಗೆ ಕೇಳಿತ್ತೇ ಹೊರತು ಕಂಡಿರಲಿಲ್ಲ. ಹಬ್ಬದ ದಿನ ಕಾಗದದಿಂದ ತೆಗೆದು ಸೀದಾ ಉಟ್ಟಳು. ಮಣ್ಣೆತ್ತಿನ ಗೂಡಿನ ಹಾಗೆ ಇಕ್ಕಟ್ಟಾಗಿದ್ದ ಆ ಓಣಿಯಲ್ಲಿ ಪಂಚಮಿಗೆ ಕಟ್ಟಿದ ಜೋಕಾಲಿಯವರೆಗೆ ನಡೆದು ಹೋಗಿ ಬಂದಳು. ಹೆಂಗಸರು ರೊಟ್ಟಿ ತಟ್ಟುವುದು ಬಿಟ್ಟು ಬಾಗಿಲಿಗೆ ಬಂದರಂತೆ. ಎದುರು ಮನೆಯ ಅಂಬಮ್ಮ ಹಿಟ್ಟಿನ ಕೈಯಲ್ಲೇ ಸೆರಗು ಮುಟ್ಟಿ, "ಏನವಾ ಇದು, ನೀರು ಹಿಡದಂಗ ಐತಿ" ಎಂದಳಂತೆ. ಆ ಒಂದು ದಿನದ ಕತೆಯನ್ನು ಅತ್ತೆ ನನಗೆ ನೂರು ಸಲ ಹೇಳಿದ್ದಾಳೆ.

ಮೂರನೆಯ ದಿನ ಮಾವ ದೇಶನೂರಿನ ಕಡೆಯಿಂದ ಬರುವಾಗ ಸೈಕಲ್ ಸಮೇತ ಕಾಲುವೆಗೆ ಬಿದ್ದು ಬಲಗೈ ಮುರಿದುಕೊಂಡ.

ಅಜ್ಜಿ ಮಗನ ಕೈಗೆ ಕಟ್ಟು ಹಾಕಿಸಿದಳು, ಅವನಿಗೆ ಅನ್ನ ಕಲಸಿ ಉಣಿಸಿದಳು, ಆಮೇಲೆ ಅಡಿಗೆ ಮನೆಗೆ ಬಂದು ಒಂದೇ ಪ್ರಶ್ನೆ ಕೇಳಿದಳು: "ಆ ಸೀರಿ ಘಳಿಗಿ ಯಾರು ಮುರದ್ರು?"

ಯಾರೂ ಮುರಿದಿರಲಿಲ್ಲ. ಅಲ್ಲಿಗೆ ತೀರ್ಪಾಯಿತು. ಇನ್ನು ಮುಂದೆ ವಿರೂಪಮ್ಮನ ಯಾವ ಹೊಸ ಸೀರೆಯೇ ಬರಲಿ, ಅದು ಮೊದಲು ಕುರುಗೋಡಿಗೆ ಹೋಗಬೇಕು. ಅಲ್ಲಿ ಮಗಳು ಚನ್ನವೀರಮ್ಮ ಉಟ್ಟು ಘಳಿಗೆ ಮುರಿದು ಕಳಿಸಬೇಕು. ಚನ್ನವೀರಮ್ಮ ಎಂದರೆ ನನ್ನ ಅವ್ವ, ಮಾವನ ಅಕ್ಕ. ಐದು ಹೆತ್ತು ಐದನ್ನೂ ಉಳಿಸಿಕೊಂಡವಳು, ಗಂಡನಿಗೆ ಒಂದು ದಿನ ಜ್ವರವೂ ಬಂದಿಲ್ಲ. ಅಂಥ ಕೈಗುಣ ಇನ್ನಾರಿಗಿದೆ ಎಂದು ಅಜ್ಜಿಯ ವಾದ.

ಸೈಕಲ್ಲಿಗೆ ಹದಿನೈದು ದಿನದಿಂದ ಬ್ರೇಕ್ ಇರಲಿಲ್ಲ ಎಂಬುದು ಮಾವನಿಗೆ ಗೊತ್ತಿತ್ತು. ಅವನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅಜ್ಜಿ ಅವನನ್ನು ಬೈಯುತ್ತಿದ್ದಳು, ಅಷ್ಟೇ. ಆ ಬೈಗುಳ ತಪ್ಪಿಸಿಕೊಳ್ಳಲು ಹೆಂಡತಿಯ ಒಂದು ಆಸೆಯನ್ನು ಕೈಯಾರೆ ಕೊಟ್ಟುಬಿಟ್ಟ. ಹೆಂಡತಿಗೆ ನಿಜ ಹೇಳಿದ್ದು ಐದು ವರ್ಷ ಕಳೆದ ಮೇಲೆ. ಅದೂ "ಅವ್ವನ ಮುಂದ ಅನ್ನಬ್ಯಾಡ" ಎಂಬ ಕರಾರಿನ ಮೇಲೆ. ಒಳ್ಳೆಯವನೇ, ಯಾರಿಗೂ ಕೇಡು ಬಯಸಿದವನಲ್ಲ. ಅಂಥ ಒಳ್ಳೆಯತನದಿಂದ ನನಗೆ ಮೈ ಉರಿಯುತ್ತದೆ.

ಇನ್ನು ನನ್ನ ಅವ್ವ. ಅವಳು ಎತ್ತರದ ಹೆಂಗಸು, ತುಂಬಿದ ಮೈ. ಅವಳು ಏನು ಉಟ್ಟರೂ ಅದು ಅವಳಿಗಾಗಿಯೇ ನೇಯ್ದ ಹಾಗೆ ಕಾಣುತ್ತಿತ್ತು. ಅಪ್ಪ ಮರಿಬಸಪ್ಪನದು ಕುರುಗೋಡಿನಲ್ಲಿ ಕಿರಾಣಿ ಅಂಗಡಿ. ಹೆಂಡತಿಗೆ ವರ್ಷಕ್ಕೆರಡು ಇಳಕಲ್ ಸೀರೆ ತಂದರೆ ತನ್ನ ಕೆಲಸ ಮುಗಿಯಿತು ಎನ್ನುವವನು. ಸಿರುಗುಪ್ಪದಿಂದ ಬಂದ ಮೊದಲ ಪೊಟ್ಟಣ ಬಿಚ್ಚಿದಾಗ ಅವ್ವನ ಮುಖ ನೋಡಬೇಕಿತ್ತು. ಅದು ದೊಡ್ಡ ದೊಡ್ಡ ಹೂವಿನ ಜಾರ್ಜೆಟ್. ಅವ್ವ ಅದನ್ನು ಮೈಗೆ ಹಿಡಿದು ನೋಡಿಕೊಂಡಳು, ಮತ್ತೆ ಮಡಚಿ ಪೆಟ್ಟಿಗೆಯಲ್ಲಿಟ್ಟಳು.

"ಉಟ್ಟು ಕಳಿಸವ್ವಾ, ಅತ್ತಿ ಕಾಯ್ತಿರ್ತಾಳ" ಎಂದು ನನ್ನ ದೊಡ್ಡಕ್ಕ ಅಂದಳು.

"ಸುಮ್ನ ಮನ್ಯಾಗ ಉಟ್ರ ಘಳಿಗಿ ಮುರದಂಗ ಆಗತೈತೇನು? ನಾಕು ಮಂದ್ಯಾಗ ಉಡಬೇಕು. ಲಗ್ನ ಬರ್ಲಿ ತಡಿ."

ಲಗ್ನ ಬರಲು ಎರಡು ತಿಂಗಳಾಯಿತು. ಅವ್ವ ಉಟ್ಟು ಮೆರೆದಳು, ಬೀಗರ ಊಟಕ್ಕೂ ಉಟ್ಟಳು, ಒಗೆದು ಮಡಚಿ, ತುದಿಗೆ ಅರಿಷಿಣ ಕುಂಕುಮ ಹಚ್ಚಿ ಕಳಿಸಿದಳು. ಅದರ ಜೊತೆಗೆ ಕಟ್ಟಿನ ಸಾರಿನ ಕಲೆಯೊಂದು ಹೋಯಿತು. ಅಷ್ಟರಲ್ಲಿ ಸಿರುಗುಪ್ಪಕ್ಕೆ ವರ್ಗವಾಗಿ ಬಂದ ಒಬ್ಬ ಅಧಿಕಾರಿಯ ಹೆಂಡತಿ ಅಂಥದೇ ಮೂರು ಉಟ್ಟು ತಿರುಗಿ ಆಗಿತ್ತು. ಅತ್ತೆ ಕಲೆಯನ್ನು ನಿರಿಗೆಯೊಳಗೆ ಅಡಗಿಸಿ ಉಟ್ಟು ಶಾಲೆಗೆ ಹೋದಳು. ಯಾರೂ ತಿರುಗಿ ನೋಡಲಿಲ್ಲ.

ಹೀಗೆ ಸೀರೆಗಳು ಹೋದವು, ಬಂದವು. ಬಳ್ಳಾರಿಯ ಅಂಗಡಿಯಲ್ಲಿ ಎರ್ರಣ್ಣ ಎಂಬ ಕೆಲಸದವನಿದ್ದ. ಅತ್ತೆ ಒಳಗೆ ಕಾಲಿಟ್ಟರೆ ಉಳಿದ ಗಿರಾಕಿಗಳನ್ನು ಬಿಟ್ಟು ಎದ್ದು, ತೆಲುಗಿನಲ್ಲೇ ಬರಮಾಡಿಕೊಳ್ಳುತ್ತ, "ರಾಮ್ಮಾ ಟೀಚರಮ್ಮಾ, ಮದ್ರಾಸ್ ಮಾಲು ನಿನ್ನೆ ಬಂತು, ಇನ್ನಾ ಬೀರುಗ ಇಟ್ಟಿಲ್ಲ" ಎಂದು ಗಂಟು ಬಿಚ್ಚುತ್ತಿದ್ದ. ಬಳ್ಳಾರಿಯಲ್ಲೂ ಯಾರೂ ಉಡದ ಸೀರೆಯನ್ನು ಆಕೆ ಮೊದಲು ಆರಿಸುತ್ತಿದ್ದಳು. ಆರಿಸಿದ್ದು ಆಕೆ, ಮೊದಲು ಉಡುವುದು ಅವ್ವ. ಎಪ್ಪತ್ತೆರಡರಲ್ಲಿ ಕರಿಯ ಮೇಲೆ ಬಿಳಿ ಚುಕ್ಕಿಯ ಸೀರೆ ಬಂತು. ಕರಿ ಸೀರೆ ಉಡಲು ಧೈರ್ಯ ಬೇಕಾದ ಕಾಲ ಅದು. ಅವ್ವ ಅದನ್ನುಟ್ಟು ಸಿರುಗುಪ್ಪಕ್ಕೇ ಬಂದಳು, ಓಣಿಯ ಒಂದು ಮದುವೆಗೆ. ಇಡೀ ಚಪ್ಪರ ಅವಳನ್ನೇ ನೋಡಿತು. ಮುಂದಿನ ವಾರ ಅತ್ತೆ ಅದನ್ನುಟ್ಟು ಹೊರಟಾಗ ಅಂಬಮ್ಮ ಬಾಗಿಲಲ್ಲೇ ಹಿಡಿದಳು.

"ಟೀಚರಮ್ಮ, ಇದು ನಿಮ್ಮ ನಾದಿನಿದಲ್ಲೇನ್ರಿ? ಆಕಿ ಚಲೋ ಕಾಣಸ್ತಿದ್ಲು ಬಿಡ್ರಿ. ನಿಮಗ್ಯಾಕ ಬೇಕಿತ್ತು ಮಂದಿ ಸೀರಿ?"

ಅತ್ತೆ ಸೀದಾ ಶಾಲೆಗೆ ಹೋಗಿ ನಾಲ್ಕನೆಯ ತರಗತಿಗೆ ಹದಿನೇಳರ ಮಗ್ಗಿ ಐವತ್ತು ಸಲ ಬರೆಯಲು ಹಾಕಿದಳು. ಪಾಪ, ಆ ಮಕ್ಕಳು ಏನು ಮಾಡಿದ್ದವು?

ನಾನು ರಜೆಗೆ ಸಿರುಗುಪ್ಪಕ್ಕೆ ಹೋದಾಗ ಆಕೆ ಒಮ್ಮೊಮ್ಮೆ ಮಾವನ ಜೊತೆ ಜಗಳ ತೆಗೆಯುವುದನ್ನು ಕೇಳಿದ್ದೇನೆ. "ನಾ ಕೊಳ್ಳಾಕ, ಅಕ್ಕಾರು ಉಡಾಕ. ಒಂದ ಸಲ, ಒಂದ ಸಲ ನಾನ ಮೊದಲು ಉಡ್ತೀನಿ ಅಂತ ನಿಮ್ಮವ್ವಗ ಹೇಳ್ರಿ" ಎನ್ನುತ್ತಿದ್ದಳು. ಮಾವ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಕೊಟ್ಟುಬಿಡು ಮಾರಾಯ್ತಿ, ಒಂದು ದಿನದ ಮಾತು. ನಾಳಿಗೆ ಏನರ ಆದ್ರ ನಿನ್ನ ತಲಿಗೇ ಬರತೈತಿ" ಎನ್ನುತ್ತಿದ್ದ. ಅಲ್ಲಿಗೆ ಆಕೆಯ ಬಾಯಿ ಕಟ್ಟುತ್ತಿತ್ತು. ಆಕೆ ಘಳಿಗೆಯನ್ನು ನಂಬುತ್ತಿರಲಿಲ್ಲ. ಆದರೆ ಕಾಕತಾಳೀಯವಾಗಿ ಏನಾದರೂ ಆಗಿಬಿಟ್ಟರೆ? ಆ "ಆಗಿಬಿಟ್ಟರೆ" ಎಂಬುದಕ್ಕೆ ಯಾವ ಟ್ರೈನಿಂಗ್ ಕಾಲೇಜಿನಲ್ಲೂ ಉತ್ತರ ಕಲಿಸಿರಲಿಲ್ಲ.

ಘಳಿಗೆ ಇಲ್ಲದ್ದನ್ನು ಹಾಕಿಕೊಂಡರೆ ಯಾರೂ ಕಸಿಯಲಾರರು ಎಂದು ಒಂದು ವರ್ಷ ತಲೆ ಓಡಿಸಿದಳು. ಬೇಸಿಗೆ ರಜೆಯಲ್ಲಿ ಬಳ್ಳಾರಿಗೆ ಹೋಗಿ, ಮುಖದ ಅರ್ಧ ಮುಚ್ಚುವಂಥ ಕಂದು ಬಣ್ಣದ ಕೂಲಿಂಗ್ ಗ್ಲಾಸ್ ತಂದಳು. ಶಾಲೆ ಶುರುವಾದ ದಿನ ಅದನ್ನು ಹಾಕಿಕೊಂಡು, ಕೈಚೀಲ ಬೀಸುತ್ತ ನಡೆದಳು. ಅದೇ ವಾರ ಊರಿನಲ್ಲಿ ಕಣ್ಣುಬೇನೆ ಹಬ್ಬಿತ್ತು. ಎದುರಿಗೆ ಬಂದವರೆಲ್ಲ ರಸ್ತೆಯ ಆ ಬದಿಗೆ ಸರಿದರು. ಹೆಡ್ಮಾಸ್ತರ ಗವಿಸಿದ್ದಪ್ಪನವರು ಆಫೀಸಿನ ಬಾಗಿಲಿಗೆ ಅಡ್ಡ ನಿಂತು, "ಟೀಚರ್, ಕಣ್ಣು ಬಂದಾವೇನ್ರಿ? ಹುಡುಗ್ರಿಗೆ ಹತ್ತತೈತ್ರಿ. ಒಂದು ವಾರ ರಜಾ ಹಾಕಿ ಮನಿಗೆ ಹೋಗ್ರಿ" ಎಂದರು. ಆಕೆ ಗ್ಲಾಸು ತೆಗೆದು ತನ್ನ ಎರಡು ಕಣ್ಣನ್ನೂ ಅಗಲಿಸಿ ತೋರಿಸಬೇಕಾಯಿತು. ಆದರೂ ಅವರು ಹಾಜರಿ ಪುಸ್ತಕವನ್ನು ದೂರದಿಂದಲೇ ದಬ್ಬಿದರು.

ಆಮೇಲೆ ಜಂಪರ್ ಪ್ರಯೋಗ. ಜಂಪರ್ ಒಬ್ಬರ ಅಳತೆಯದು ಇನ್ನೊಬ್ಬರಿಗೆ ಆಗುವುದಿಲ್ಲ; ಅವ್ವನ ಅಳತೆಗಂತೂ ಅತ್ತೆಯ ಜಂಪರ್ ಎರಡು ಬೇಕು. ಹಾಗಾಗಿ ಬಳ್ಳಾರಿಯ ದರ್ಜಿಯ ಹತ್ತಿರ ಹೋಗಿ, ಹಿಂದೆ ಸಾಲಾಗಿ ಗುಂಡಿಯಿರುವ, ಕುತ್ತಿಗೆ ಅಗಲವಾದ ಹೊಸ ನಮೂನೆಯ ಜಂಪರ್ ಹೊಲಿಸಿದಳು. ಬೆನ್ನಿನ ಗುಂಡಿಯನ್ನು ತನ್ನ ಕೈಯಿಂದ ಹಾಕಿಕೊಳ್ಳಲು ಆಗುವುದಿಲ್ಲ ಎಂಬುದು ಸಿರುಗುಪ್ಪಕ್ಕೆ ಬಂದ ಮೇಲೆ ಹೊಳೆಯಿತು. ಮಾವ ಗಿರಣಿಗೆ ಹೋಗಿಯಾಗಿತ್ತು. ಇದ್ದವಳು ಅಜ್ಜಿಯೊಬ್ಬಳೇ. ಅಜ್ಜಿ ಕನ್ನಡಕ ಏರಿಸಿ, "ಹಿಂದಕ ಗುಂಡಿ ಇಟ್ಟಾನಲ್ಲ, ಅವನ ಕೈ ಸೇದಿಹೋಗ್ಲಿ. ಮೈಯಾಗ ಮುಂದಿಲ್ಲೇನು ನಿನಗ?" ಎಂದು ಬೈಯುತ್ತ ಬೈಯುತ್ತ ಹಾಕಿ ಕಳಿಸಿದಳು. ಒಂದು ಕಾಜ ತಪ್ಪಿತ್ತು. ಆ ದಿನವೆಲ್ಲ ಅತ್ತೆ ಕರಿಹಲಗೆಗೆ ತಿರುಗಿ ಬರೆದಾಗಲೆಲ್ಲ ಹಿಂದೆ ಕಿಸಿಕಿಸಿ ನಗು. ಸಂಜೆ ಮನೆಗೆ ಬಂದು ಜಂಪರನ್ನು ಕಳಚಿ ಗೋಡೆಗೆ ಎಸೆದಳು.

ಎಪ್ಪತ್ತೊಂಬತ್ತರಲ್ಲಿ ಅತ್ತೆಗೆ ಒಂದು ಭಾರಿ ಉಪಾಯ ಹೊಳೆಯಿತು. ಒಂದೇ ನಮೂನೆಯ ಎರಡು ಸೀರೆ ತಂದಳು. ನೀಲಿ ಮೈ, ಕೇಸರಿ ಬಣ್ಣದ ಅಡ್ಡ ಪಟ್ಟೆ. ಆ ವರ್ಷದ ಹೊಚ್ಚ ಹೊಸದು. ಒಂದನ್ನು ಶಾಸ್ತ್ರಕ್ಕೆಂದು ಕುರುಗೋಡಿಗೆ ಕಳಿಸಿದಳು. ಇನ್ನೊಂದನ್ನು ಅಜ್ಜಿಗೆ ಕಾಣದಂತೆ ಶಾಲೆಯ ಬೀರುವಿನಲ್ಲಿಟ್ಟಳು. ಬಳ್ಳಾರಿಯಲ್ಲಿ ಯಾರದೋ ಗೃಹಪ್ರವೇಶವಿತ್ತು. ಅಲ್ಲಿಗೆ ಅದನ್ನುಟ್ಟು ಹೋದರೆ ಯಾರಿಗೆ ತಿಳಿಯುತ್ತದೆ, ಕೇಳಿದರೆ ಅಕ್ಕಾರು ಘಳಿಗೆ ಮುರಿದದ್ದೇ ಇದು ಎಂದರಾಯಿತು ಎಂದುಕೊಂಡಳು. ಹೋದಳು. ಆ ಮನೆಯವರು ಕುರುಗೋಡಿನವರಿಗೂ ಬೇಕಾದವರೆಂದು ಆಕೆಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ಅರಿಷಿಣ ಕುಂಕುಮ ಕೊಡಲು ನಿಂತವಳು ಯಾರು? ನನ್ನ ಅವ್ವ, ಅದೇ ನೀಲಿ, ಅದೇ ಕೇಸರಿ ಪಟ್ಟೆ.

ಅವ್ವನಿಗೆ ಮೋಸ ತಿಳಿಯಲೇ ಇಲ್ಲ. ಬಾಯಿತುಂಬ ನಕ್ಕು ಅತ್ತೆಯನ್ನು ಪಕ್ಕಕ್ಕೆ ಎಳೆದುಕೊಂಡಳು. ಬಂದವರೆಲ್ಲ ಇಬ್ಬರನ್ನೂ ಜೋಡಿ ನಿಲ್ಲಿಸಿ ನೋಡಿ, ನಾದಿನಿ ಮೇಲೆ ಎಂಥ ಪ್ರೀತಿ ನೋಡ್ರಿ, ತನಗ ತಂದಂಗ ಆಕಿಗೂ ತಂದಾಳ ಎಂದು ಹೊಗಳಿದರು. ಅವ್ವ ಆ ಹೊಗಳಿಕೆಯನ್ನು ನಂಬಿ ಸೀರೆಯನ್ನು ಇಟ್ಟುಕೊಂಡಳು. ಅತ್ತೆಯ ಸೀರೆಗೆ ಆ ದಿನ ಬಂದದ್ದು ಅದೊಂದೇ ಮೆಚ್ಚುಗೆ.

ಇಷ್ಟನ್ನೂ ನಾನು ನಗುತ್ತ ಹೇಳುತ್ತಿರುವಂತೆ ಕಾಣಬಹುದು. ಆಗ ನಾವೂ ನಗುತ್ತಿದ್ದೆವು. ಆಕೆ ಮಾತ್ರ ಒಮ್ಮೆಯೂ ನಗಲಿಲ್ಲ. ಪ್ರಾಯದ ವರ್ಷಗಳು ಒಂದೊಂದೇ ಹೋಗುತ್ತಿದ್ದವು. ಇಪ್ಪತ್ತೆರಡರಲ್ಲಿ ಉಡಬೇಕಾದ್ದನ್ನು ಮೂವತ್ತೈದರಲ್ಲಿ ಉಟ್ಟರೆ ಜನ ಬೇರೆ ಮಾತಾಡುತ್ತಾರೆ ಎಂಬುದು ಆಕೆಗೆ ಗೊತ್ತಿತ್ತು.

ಎಂಬತ್ತೊಂದರ ಮಳೆಗಾಲದಲ್ಲಿ ನನ್ನ ಅಪ್ಪ ಅಂಗಡಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ತೀರಿಕೊಂಡ. ಜ್ವರವನ್ನೂ ಕಾಣದ ಮನುಷ್ಯ. ಅವ್ವನ ಬಳೆ, ಕುಂಕುಮ ಹೋದವು. ಬಣ್ಣದ ಸೀರೆಗಳನ್ನು ಅವಳೇ ಗಂಟು ಕಟ್ಟಿ ನಮಗೆ ಹಂಚಿದಳು. ನೀಲಿ ಕೇಸರಿ ಪಟ್ಟೆಯದು ದೊಡ್ಡಕ್ಕನಿಗೆ ಹೋಯಿತು. ನಮ್ಮಲ್ಲಿ ಗಂಡ ಸತ್ತವಳಿಗೆ ಬಿಳಿಯೇ ಆಗಬೇಕೆಂದಿಲ್ಲ. ಆದರೂ ಅವಳು ಬೂದಿ ಬಣ್ಣದ ಎರಡು ಸೀರೆ ಇಟ್ಟುಕೊಂಡು ಅವನ್ನೇ ತಿರುವಿ ಹಾಕತೊಡಗಿದಳು. ಯಾರೂ ಹೇಳಿದ್ದಲ್ಲ. ಹೇಳದೆಯೇ ಎಲ್ಲರೂ ಹೇಳಿದ್ದರು.

ಅತ್ತೆ ಒಂದೂವರೆ ವರ್ಷ ಹೊಸ ಸೀರೆಯನ್ನೇ ಕೊಳ್ಳಲಿಲ್ಲ. ಎಂಬತ್ತಮೂರರ ಬೇಸಿಗೆಯಲ್ಲಿ ಆಕೆಯ ತಮ್ಮ ಚಿದಾನಂದಪ್ಪನ ಮಗಳ ಮದುವೆ ಬಂತು, ಸತ್ಯನಾರಾಯಣಪೇಟೆಯ ಮನೆಯ ಮುಂದೆಯೇ ಚಪ್ಪರ. ಎರ್ರಣ್ಣ ಗಂಟು ಬಿಚ್ಚಿದ. ಅದು ಗಿಣಿಹಸಿರು ಶಿಫಾನ್. ಅಂಚಿಲ್ಲ, ಜರಿಯಿಲ್ಲ, ಹೂವಿಲ್ಲ, ಮೈತುಂಬ ಒಂದೇ ಹಸಿರು. ಅಂಚಿಲ್ಲದ ಸೀರೆಯನ್ನು ಮದುವೆಗೆ ಉಡುವುದೆಂದರೆ ಆಗ ಬಳ್ಳಾರಿಯಲ್ಲೂ ಜನ ಹುಬ್ಬು ಏರಿಸುತ್ತಿದ್ದರು. ಅತ್ತೆಗೆ ಆಗ ನಲವತ್ತೊಂದು. ಘಳಿಗೆ ಮುರಿಯುವ ನಾದಿನಿ ಈಗ ಮುರಿಯುವಂತಿಲ್ಲ. ಅಜ್ಜಿಗೆ ಕಣ್ಣು ಮಂಜು, ಎದ್ದು ಓಡಾಡುವ ಶಕ್ತಿಯಿಲ್ಲ. ಇದನ್ನು ನಾನೇ ಮೊದಲು ಉಡುತ್ತೇನೆ ಎಂದು ಆಕೆ ಅಂಗಡಿಯಲ್ಲೇ ತೀರ್ಮಾನಿಸಿದಳಂತೆ. ಕದ್ದವರ ಹಾಗೆ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ ಎಂದು ಆಮೇಲೆ ನನಗೆ ಹೇಳಿದಳು.

ಮದುವೆಯ ಬೆಳಿಗ್ಗೆ ನಾವು ಹೆಂಗಸರೆಲ್ಲ ಒಳಕೋಣೆಯಲ್ಲಿ ತಯಾರಾಗುತ್ತಿದ್ದೆವು. ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಕರೆತಂದಿದ್ದ ಅಜ್ಜಿ ಮಂಚದ ಮೇಲೆ. ಅವ್ವ ಗೋಡೆಯ ಮೂಲೆಯಲ್ಲಿ ಬೂದಿ ಸೀರೆಯಲ್ಲಿ ಕೂತಿದ್ದಳು; ಅಕ್ಕಿಕಾಳು ಹಾಕುವ ಶಾಸ್ತ್ರ ಮುಗಿಯುವವರೆಗೆ ಹೊರಗೆ ಬರುವುದಿಲ್ಲ ಎಂದು ಅವಳೇ ಹೇಳಿದ್ದಳು. ಅತ್ತೆ ಪೆಟ್ಟಿಗೆ ತೆರೆದು ಕಾಗದ ಬಿಚ್ಚಿದಳು. ಕೋಣೆಯಲ್ಲಿದ್ದ ಆರೇಳು ಹೆಂಗಸರೂ ಅದರ ಕಡೆ ತಿರುಗಿದರು. ಆಗ ಅವ್ವನ ಕೈ ತಾನೇ ತಾನಾಗಿ ಮುಂದೆ ಬಂತು, ಹದಿನೇಳು ವರ್ಷದ ರೂಢಿ. ಅರ್ಧಕ್ಕೆ ಬಂದದ್ದು ಗೊತ್ತಾಗಿ ಹಿಂದಕ್ಕೆ ಎಳೆದುಕೊಂಡು ಸೆರಗಿನೊಳಗೆ ಮುಚ್ಚಿಟ್ಟಳು. ನಾನು ನೋಡಿದೆ. ಅತ್ತೆಯೂ ನೋಡಿದಳು.

ಅಜ್ಜಿಗೆ ಕಾಗದದ ಸಪ್ಪಳ ಕೇಳಿಸಿತ್ತು. "ಹೊಸಾ ಸೀರಿ ಏನು? ನಿನ್ನ ತಮ್ಮನ ಹೆಂಡ್ತಿಗೆ ಕೊಡು, ಆಕಿ ಮುರೀಲಿ. ಚನ್ನವೀರಿ ಕೈಯಾಗ ಕೊಟ್ಟಗಿಟ್ಟೀ ಮತ್ತ, ಹುಷಾರು."

"ಯಾರಿಗೂ ಕೊಡಂಗಿಲ್ಲರಿ ಅತ್ತ್ಯಾರ. ಈ ಸಲ ನಾನ ಉಡ್ತೀನಿ" ಎಂದಳು ಅತ್ತೆ.

ಇಷ್ಟು ಚಿಕ್ಕ ಮಾತು. ಇದನ್ನು ಹೇಳಲು ಎಷ್ಟು ವರ್ಷ ಬೇಕಾಯಿತು! ಅವ್ವ ತಲೆ ಎತ್ತದೆ, "ಉಟ್ಕೋ ವಿರೂಪಿ. ನಿನ್ನ ಸೀರಿ" ಎಂದಳು.

ಅತ್ತೆ ಕನ್ನಡಿಯ ಮುಂದೆ ನಿಂತಳು. ಮಡಿಕೆಯ ಸೀರೆಯನ್ನು ಎದೆಗೆ ಹಿಡಿದು ನೋಡಿಕೊಂಡಳು. ಹಸಿರು ಆಕೆಯ ಕಪ್ಪು ಮೈಗೆ ಎಷ್ಟು ಒಪ್ಪುತ್ತಿತ್ತೆಂದರೆ ನನಗೆ ಸಿಳ್ಳೆ ಹಾಕಬೇಕು ಅನ್ನಿಸಿತು. ಬಿಚ್ಚಲು ತುದಿ ಹಿಡಿದಳು. ಆದರೆ ಆ ಕನ್ನಡಿ ದೊಡ್ಡದು, ಅದರಲ್ಲಿ ಹಿಂದೆ ಅವ್ವ ಕೂತ ಮೂಲೆಯೂ ಕಾಣುತ್ತಿತ್ತು. ಅತ್ತೆ ಹಿಡಿದ ತುದಿಯನ್ನು ಬಿಟ್ಟಳು. ಕನ್ನಡಿಯನ್ನು ಬಿಟ್ಟು ಪಕ್ಕದ ಗೋಡೆಯ ಕಡೆ ತಿರುಗಿ ನಿಂತು ಮತ್ತೆ ತುದಿ ಹಿಡಿದಳು. ಆಮೇಲೆ ಆಕೆಗೆ ಬಂದ ಸಿಟ್ಟನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ನಂತರವೂ ಕಂಡಿಲ್ಲ.

"ಥೂ ನನ್ನ ಹಣೇಬರಾನ! ಒಂದ ಸೀರಿ ನೆಟ್ಟಗ ಉಡಾಕ ಬಿಡಂಗಿಲ್ಲ ನೀವು!" ಎಂದು ಅವ್ವನ ಕಡೆ ತಿರುಗಿ ಚೀರಿದಳು. ಅವ್ವ ಪಾಪ ಏನೂ ಮಾಡಿರಲಿಲ್ಲ. "ಇಷ್ಟು ವರ್ಷ ನನ್ನ ಸೀರಿ ಉಟ್ಟು ನಾಕು ಮಂದ್ಯಾಗ ಅಡ್ಡಾಡಿದ್ರಿ. ಈಗ ಮೂಲ್ಯಾಗ ಕುಂತು ನನ್ನ ಹೊಟ್ಟಿ ಉರಸಾಕ ಹತ್ತೀರೇನು? ಏಳ್ರಿ ಮ್ಯಾಲ. ಉಡ್ರಿ ಇದನ್ನ."

ಸೀರೆ ಅವ್ವನ ಮಡಿಲಿಗೆ ಬಂದು ಬಿತ್ತು.

"ಏ ವಿರೂಪಿ, ತಲಿ ಕೆಟ್ಟೈತೇನು ನಿನಗ?" ಅಜ್ಜಿ ಮಂಚದ ಮೇಲೆ ಎದ್ದು ಕೂತಳು. "ಗಂಡ ಇಲ್ಲದಾಕಿ ಹಸರು ಸೀರಿ ಘಳಿಗಿ ಮುರೀಬೇಕಾ? ನನ್ನ ಮಗ ಕೈ ಮುರಕೊಂಡಿದ್ದು ಮರತೇನು?"

"ಬ್ರೇಕ್ ಇರ್ಲಿಲ್ಲರಿ ಸೈಕಲ್ಲಿಗೆ! ಬ್ರೇಕ್ ಇರ್ಲಿಲ್ಲ! ನಿಮ್ಮ ಮಗನ್ನ ಕರದು ಕೇಳ್ರಿ, ಹದಿನೈದು ದಿನದಿಂದ ಬ್ರೇಕ್ ಇರ್ಲಿಲ್ಲ!" ಅತ್ತೆಯ ದನಿ ಚಪ್ಪರದವರೆಗೂ ಕೇಳಿಸಿರಬೇಕು. "ಐದು ಮಕ್ಕಳ ತಾಯಿ ಕೈ, ಚಲೋ ಕೈ ಅಂತ ನೀವ ಅಂದ್ರಿ. ಅದ ಕೈ ಐತಲ್ಲ? ಕೈ ಏನು ಬದಲಾಗೈತೇನು?"

ಬಾಗಿಲ ಹತ್ತಿರ ಬಂದಿದ್ದ ಮಾವ ಈ ಮಾತು ಕೇಳಿ, ಅಡಿಗೆಯವರನ್ನು ವಿಚಾರಿಸುವ ನೆಪ ಮಾಡಿ ಹೊರಟುಹೋದ. ಅಜ್ಜಿ 'ಶಿವ ಶಿವ' ಎನ್ನುತ್ತ ಗೋಡೆಗೆ ಮುಖ ಮಾಡಿ ಮಲಗಿದಳು.

ಅವ್ವ ಬೇಡ ಎನ್ನುತ್ತಾಳೆ ಎಂದು ನಾನು ಕಾದೆ. ಅವಳು ಸೀರೆಯ ಮೇಲೆ ಒಮ್ಮೆ ಅಂಗೈ ಆಡಿಸಿದಳು. ಎದ್ದಳು. ಬೂದಿ ಸೀರೆ ಬಿಚ್ಚಿ, ಹಸಿರು ಸೀರೆಯ ಮಡಿಕೆ ಬಿಡಿಸಿ, ಯಾರ ಸಹಾಯವೂ ಇಲ್ಲದೆ ಉಟ್ಟಳು. ಉಟ್ಟವಳು ಕೋಣೆಯಲ್ಲೇ ನಿಲ್ಲಲಿಲ್ಲ. ಬರಿ ಹಣೆಯಲ್ಲಿ, ಬರಿ ಕೈಯಲ್ಲಿ, ಆ ಅಂಚಿಲ್ಲದ ಹಸಿರಿನಲ್ಲಿ ಚಪ್ಪರದ ನಡುವೆ ಹಾದು ಮುಂದಿನ ಸಾಲಿಗೆ ಹೋಗಿ ಕೂತಳು. ಮೊದಲು ಹೇಗೆ ನಡೆಯುತ್ತಿದ್ದಳೋ ಹಾಗೆಯೇ ನಡೆದಳು. ಗುಸುಗುಸು ಶುರುವಾಯಿತು. ಅವ್ವ ಅಕ್ಕಿಕಾಳು ಕೈಯಲ್ಲಿ ಹಿಡಿದು ಮದುಮಕ್ಕಳನ್ನೇ ನೋಡುತ್ತಿದ್ದಳು. ಅವಳ ಹಿಂದೆ, ಎರಡು ವರ್ಷದ ಹಳೆಯ ಮೆಂತ್ಯ ಬಣ್ಣದ ಸೀರೆಯಲ್ಲಿ, ಮುಖ ಗಂಟು ಹಾಕಿಕೊಂಡು ಅತ್ತೆ ಕೂತಿದ್ದಳು. ಗುಸುಗುಸು ಹತ್ತಿರ ಬಂದಾಗಲೆಲ್ಲ ತಿರುಗಿ ನೋಡುತ್ತಿದ್ದಳು, ಅದು ನಿಲ್ಲುತ್ತಿತ್ತು.

ಮರುದಿನ ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಎರಡು ದಾರಿಯಾಯಿತು. ಅವ್ವ ಕುರುಗೋಡಿನ ಬಸ್ಸಿಗೆ, ಅತ್ತೆಯವರು ಸಿರುಗುಪ್ಪದ ಬಸ್ಸಿಗೆ. ಅಜ್ಜಿಯನ್ನು ನೋಡಿಕೊಳ್ಳಲು ನಾನೂ ಅವರ ಜೊತೆ ಹೊರಟಿದ್ದೆ. ಅತ್ತೆ ಅವ್ವನ ಕೈಚೀಲವನ್ನೇ ನೋಡುತ್ತಿದ್ದಳು. ಈಗಲಾದರೂ ಅದು ತನ್ನ ಕೈಗೆ ಬರುತ್ತದೆ, ನಾಳೆ ಶಾಲೆಗೆ ಉಡಬಹುದು ಎಂದುಕೊಂಡಿದ್ದಳು.

ಅವ್ವ ಚೀಲವನ್ನು ಎದೆಗೆ ಅವಚಿಕೊಂಡು ಹೇಳಿದಳು: "ಇದನ್ನ ಕೊಡಂಗಿಲ್ಲ ವಿರೂಪಿ. ಇಷ್ಟು ದಿನ ಒಗದು ಮಡಚಿ ಕಳಿಸೀನಿ. ಇದೊಂದು ನನಗಿರ್ಲಿ."

ಅತ್ತೆ ಚೀಲದಿಂದ ಕಣ್ಣು ಕಿತ್ತು, "ಇಟ್ಕೋರಿ ಅಕ್ಕಾರ" ಎಂದಳು, ಅಷ್ಟೇ.

ಬಸ್ಸಿನಲ್ಲಿ ಮಾವ ಅಜ್ಜಿಯ ಜೊತೆ ಮುಂದೆ ಕೂತ, ನಾನು ಅತ್ತೆಯ ಪಕ್ಕ. ಊರು ದಾಟಿದ ಮೇಲೆ ಆಕೆ ಕಿಟಕಿಗೆ ಮುಖ ಮಾಡಿ ಅಳತೊಡಗಿದಳು. ಸದ್ದಿಲ್ಲದ ಅಳುವಲ್ಲ, ಮೂಗು ಸುರಿಸುತ್ತ, ಬಿಕ್ಕುತ್ತ, ಕಂಡಕ್ಟರ್ ತಿರುಗಿ ನೋಡುವ ಹಾಗೆ ಅತ್ತಳು. ನನಗೂ ಕಣ್ಣು ತುಂಬಿತ್ತು. ಆಕೆಯ ಕೈ ಹಿಡಿದು, "ಅತ್ತಿ, ನಮ್ಮವ್ವನ ಸಲುವಾಗಿ ಭಾಳ ದೊಡ್ಡ ಕೆಲಸ ಮಾಡೀದಿ" ಎಂದೆ.

ಆಕೆ ಕೈ ಕೊಸರಿಕೊಂಡು ನನ್ನ ಕಡೆ ತಿರುಗಿದಳು.

"ದೊಡ್ಡ ಕೆಲಸ ಸುಡ್ಲಿ! ನನಗ ಆ ಸೀರಿ ಬೇಕಾಗಿತ್ತವ್ವಾ. ಉಡಾಕ ಬೇಕಾಗಿತ್ತು."